ಅಟ್ಟದ ಮೇಲಿನ ಮರದ ಕ್ಯಾಮೆರಾಗೆ 40 ಲಕ್ಷ ಸಿಗುತ್ತದೆಯೇ? ಆನ್‌ಲೈನ್ ಹರಾಜಿನಲ್ಲಿ ಹಳೆಯ ದೊಡ್ಡ ಕ್ಯಾಮೆರಾ ಸಾಮಾನು ಕೊಳ್ಳುವ ಮುನ್ನ ಓದಿ

‘ತಾತನ ಕಾಲದ ಮರದ ಕ್ಯಾಮೆರಾ ಮನೆಯಲ್ಲಿದೆಯೇ? ಗುಜರಿಗೆ ಹಾಕಬೇಡಿ. ಅದರ ಲೆನ್ಸಿನಲ್ಲಿ ಅಪರೂಪದ ಧಾತು ಇದೆ. ವಿದೇಶದ ಹರಾಜಿನಲ್ಲಿ 40 ಲಕ್ಷಕ್ಕೆ ಹೋಗುತ್ತದೆ. ಎಲ್ಲರಿಗೂ ಕಳಿಸಿ.’ ಇಂಥದ್ದೊಂದು ಸಂದೇಶ, ಜೊತೆಗೆ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಂತ ಕ್ಯಾಮೆರಾದ ಚಿತ್ರ, ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು.

ಕೋಲಾರ–ಚಿಂತಾಮಣಿ ರಸ್ತೆಯ ಕ್ಯಾಲನೂರಿನ ಓದುಗರೊಬ್ಬರು ಇದನ್ನು ನಮಗೆ ಕಳಿಸಿ, ಕೆಳಗೆ ಇನ್ನೊಂದು ಮಾತು ಬರೆದಿದ್ದರು. ಅವರ ತಾತ ಕೋಲಾರದ ಸ್ಟುಡಿಯೋ ಒಂದರಲ್ಲಿ ಕೆಲಸ ಮಾಡುತ್ತಿದ್ದವರು. ಆ ಕ್ಯಾಮೆರಾ ಇಂದಿಗೂ ಮನೆಯ ಅಟ್ಟದಲ್ಲಿದೆ. ಲೆನ್ಸ್ ಯಾವಾಗಲೋ ಮಾರಿಹೋಗಿದೆ. ಇವರಿಗೆ ಅದನ್ನು ಮಾರುವ ಆಸೆಯಿಲ್ಲ. ಅಜ್ಜಿಗೆ 90 ತುಂಬುವ ದಿನ ಅದೇ ಕ್ಯಾಮೆರಾದಲ್ಲಿ ಒಂದು ಫೋಟೊ ತೆಗೆಯಬೇಕು ಎಂಬುದು ಆಸೆ. ಹಳೆಯ ಸಾಮಾನು ಮಾರುವ ಆ್ಯಪಿನಲ್ಲಿ 18,000 ರೂಪಾಯಿಗೆ ಒಂದು ಲೆನ್ಸ್ ಕಂಡಿದೆ. ಮಾರುವಾತ ತಾನು ಮಿಲಿಟರಿಯವನು, ವರ್ಗವಾಗಿದೆ, 5,000 ಅಡ್ವಾನ್ಸ್ ಹಾಕಿದರೆ ಇವತ್ತೇ ಪಾರ್ಸೆಲ್ ಮಾಡುತ್ತೇನೆ ಎಂದಿದ್ದಾನೆ. ‘ಸಾರ್, ಹಾಕಲಾ ಬೇಡವಾ?’

ಬೇಡ ಎಂದು ತಕ್ಷಣ ಉತ್ತರ ಬರೆದೆವು. ಏಕೆ ಬೇಡ, ಹಾಗಾದರೆ ಹೇಗೆ ಕೊಳ್ಳಬೇಕು ಎಂಬುದು ಸ್ವಲ್ಪ ಉದ್ದದ ಮಾತು.

ಈ ಕ್ಯಾಮೆರಾ ಎಂದರೆ ಏನು?

ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದು ನೋಡುವ, ಮಧ್ಯೆ ಕಮ್ಮಾರನ ತಿದಿಯಂತೆ ಮಡಿಕೆ ಮಡಿಕೆಯಾದ ಬೆಲ್ಲೋಸ್ ಇರುವ ಕ್ಯಾಮೆರಾ ಇದು. ಮುಂದೆ ಲೆನ್ಸ್, ಹಿಂದೆ ಮಬ್ಬು ಗಾಜು. ಗಾಜಿನ ಮೇಲೆ ಚಿತ್ರ ತಲೆಕೆಳಗಾಗಿ ಬೀಳುತ್ತದೆ. ಫೋಕಸ್ ಮಾಡಿದ ಮೇಲೆ ಗಾಜಿನ ಜಾಗಕ್ಕೆ ಫಿಲ್ಮ್ ಇರುವ ಚಪ್ಪಟೆ ಪೆಟ್ಟಿಗೆ ಬರುತ್ತದೆ. ಅದನ್ನು ನಮ್ಮ ಸ್ಟುಡಿಯೋದವರು ಸ್ಲೈಡ್ ಎನ್ನುತ್ತಿದ್ದರು. ಪ್ರಪಂಚದಲ್ಲಿ ಇಂಥ ಕ್ಯಾಮೆರಾಗಳಿಗೆ ಲಾರ್ಜ್ ಫಾರ್ಮ್ಯಾಟ್ ಎಂದು ಹೆಸರು. ಇವತ್ತಿನ ಸಾಮಾನ್ಯ ಅಳತೆ 4×5 ಇಂಚು. ನಾವೆಲ್ಲ ಕಂಡ 35 ಎಂಎಂ ರೋಲಿನ ಒಂದು ಫ್ರೇಮಿಗಿಂತ ಇದು ಸುಮಾರು 15 ಪಟ್ಟು ದೊಡ್ಡದು. ಕಲ್ಲಿನ ಕೆತ್ತನೆಯ ಒಂದೊಂದು ಗೆರೆಯೂ ಬರಬೇಕಾದರೆ ಈ ದೊಡ್ಡ ಅಳತೆ ಬೇಕು. 1854ರ ಡಿಸೆಂಬರಿನಲ್ಲಿ ಬೆಂಗಳೂರಿನ ದಂಡಿನಲ್ಲಿದ್ದ ಲಿನೇಯಸ್ ಟ್ರೈಪ್ ಎಂಬ ಅಧಿಕಾರಿ ಹಳೇಬೀಡು, ಬೇಲೂರುಗಳ ಗುಡಿಗಳನ್ನು ಇಂಥದೇ ದೊಡ್ಡ ಕ್ಯಾಮೆರಾದಲ್ಲಿ ಹಿಡಿದಿದ್ದ.

ನಮ್ಮ ಊರುಗಳ ಸ್ಟುಡಿಯೋಗಳಲ್ಲಿ ಹೆಚ್ಚಾಗಿ ಇದ್ದದ್ದು ಹಾಫ್ ಪ್ಲೇಟ್ (4¾×6½ ಇಂಚು) ಮತ್ತು ಫುಲ್ ಪ್ಲೇಟ್ (6½×8½ ಇಂಚು). ಈ ಅಳತೆಯನ್ನು ನೆನಪಿಟ್ಟುಕೊಳ್ಳಿ. ಮುಂದೆ ದುಡ್ಡು ಉಳಿಯುವುದೂ ಹೋಗುವುದೂ ಇದರ ಮೇಲೆಯೇ.

40 ಲಕ್ಷ ಎಲ್ಲಿಂದ ಬಂತು?

ಕ್ಯಾಮೆರಾಗಳು ಕೋಟಿಗೆ ಹೋಗಿರುವುದು ಸುಳ್ಳಲ್ಲ. 2022ರ ಜೂನ್‌ನಲ್ಲಿ ಲೈಟ್ಸ್ ಸಂಸ್ಥೆಯ ಹರಾಜಿನಲ್ಲಿ ಒಂದು ಲೈಕಾ 1.44 ಕೋಟಿ ಯೂರೋಗೆ ಹೋಯಿತು. ಆದರೆ ಅದು ಲೈಕಾ ಕಂಡುಹಿಡಿದ ಆಸ್ಕರ್ ಬರ್ನಾಕ್ ಸ್ವತಃ ಬಳಸಿದ ಕ್ಯಾಮೆರಾ, ಅದೂ ಮಾರುಕಟ್ಟೆಗೆ ಬರುವ ಮುಂಚಿನ ಪರೀಕ್ಷಾ ಸರಣಿಯದು. ಅಂಗೈಯಲ್ಲಿ ಹಿಡಿಯುವ ಸಣ್ಣ ಕ್ಯಾಮೆರಾ. ಸ್ಟುಡಿಯೋದ ಮರದ ಕ್ಯಾಮೆರಾಗೂ ಅದಕ್ಕೂ ಸಂಬಂಧವಿಲ್ಲ.

ಫಾರ್ವರ್ಡ್‌ಗಳಲ್ಲಿ ಬರುವ ಸ್ಕ್ರೀನ್‌ಶಾಟ್‌ಗಳಲ್ಲಿ ಇನ್ನೊಂದು ಕಣ್ಕಟ್ಟು ಇದೆ. ಅವು ತೋರಿಸುವುದು ಮಾರುವವನು ಕೇಳಿದ ಬೆಲೆಯನ್ನು. ಕೋಲಾರದ ಮಂಡಿಯಲ್ಲಿ ಟೊಮ್ಯಾಟೊ ಬಾಕ್ಸಿಗೆ ರೈತ ಎಷ್ಟು ಬೇಕೆಂದು ಬಯಸಿದರೂ ಹರಾಜು ಕೂಗಿದ ರೇಟೇ ರೇಟು ಅಲ್ಲವೇ? ಇಲ್ಲೂ ಅಷ್ಟೇ. ಇಬೇಯಂಥ ಹರಾಜು ತಾಣದಲ್ಲಿ ಹುಡುಕಿದ ಮೇಲೆ ಫಿಲ್ಟರ್ ಒಳಗೆ ಹೋಗಿ ‘ಸೋಲ್ಡ್’ ಎಂಬುದನ್ನು ಒತ್ತಿ. ನಿಜವಾಗಿ ಕೈ ಬದಲಾದ ಬೆಲೆಗಳು ಆಗ ಕಾಣುತ್ತವೆ. ಇದೊಂದು ಕೆಲಸ ಮಾಡಿದರೆ ಮುಕ್ಕಾಲು ಪಾಲು ಫಾರ್ವರ್ಡ್‌ಗಳ ಗಾಳಿ ಇಳಿಯುತ್ತದೆ.

ಹಳೆಯದಾದ ಮಾತ್ರಕ್ಕೆ ಬೆಲೆ ಏರುವುದಿಲ್ಲ. ಯಾರು ಮಾಡಿದ್ದು, ಯಾವ ಲೆನ್ಸ್ ಇದೆ, ಎಲ್ಲ ಭಾಗಗಳೂ ಇವೆಯೇ, ಇವತ್ತು ಫೋಟೊ ತೆಗೆಯಬಹುದೇ ಎಂಬುದರ ಮೇಲೆ ಬೆಲೆ ನಿಲ್ಲುತ್ತದೆ. ಹೆಸರಿನ ಪಟ್ಟಿಯನ್ನು ಉಜ್ಜಿ ಹಾಳು ಮಾಡದೆ ಓದಿ. ಕೇರಳದ ಆಲಪ್ಪುಳದಲ್ಲಿ ತಯಾರಾದ ವಾಗೀಶ್ವರಿ ಕ್ಯಾಮೆರಾಗಳು ಒಂದು ಕಾಲಕ್ಕೆ ದೇಶದ ಸ್ಟುಡಿಯೋಗಳಲ್ಲಿ ಹೆಸರಾಗಿದ್ದವು. ಅಂಥ ಹೆಸರಿದ್ದರೆ ಸಂಗ್ರಹಕಾರರಿಗೆ ಆಸಕ್ತಿ ಇರುತ್ತದೆ. ಹಿತ್ತಾಳೆ, ತೇಗದ ಮರ ಫಳಫಳ ಹೊಳೆಯುವ, ಎಲ್ಲೂ ಸವೆತವೇ ಇಲ್ಲದ ‘ಆ್ಯಂಟಿಕ್’ ಕ್ಯಾಮೆರಾಗಳು ಮಾತ್ರ ಹೋಟೆಲಿನ ಅಲಂಕಾರಕ್ಕೆಂದೇ ಈಗ ಮಾಡುತ್ತಿರುವವು. ಎಷ್ಟೋ ಸಲ ಅವುಗಳ ಒಳಗೆ ಫಿಲ್ಮ್ ಕೂರುವ ಜಾಗವೂ ಇರುವುದಿಲ್ಲ.

ಲೆನ್ಸಿನಲ್ಲಿ ‘ಅಪರೂಪದ ಧಾತು’ ಇದೆಯೇ?

ರೈಸ್ ಪುಲ್ಲಿಂಗ್ ಪಾತ್ರೆ, ಎರಡು ತಲೆ ಹಾವು, ಹಳೇ ರೇಡಿಯೋದ ಕೆಂಪು ಪಾದರಸ. ನಮ್ಮ ಗಡಿ ಜಿಲ್ಲೆಗಳಲ್ಲಿ ಈ ಮೂರರ ಹೆಸರಲ್ಲಿ ಮನೆ ಹಾಳು ಮಾಡಿಕೊಂಡವರ ಕಥೆ ಕೇಳದವರು ಕಡಿಮೆ. ಕ್ಯಾಮೆರಾ ಈ ಸಾಲಿಗೆ ಹೊಸ ಸೇರ್ಪಡೆ. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಸಿಂಗರ್ ಹೊಲಿಗೆ ಯಂತ್ರದಲ್ಲಿ ಕೆಂಪು ಪಾದರಸ ಇದೆ ಎಂಬ ಗಾಳಿಸುದ್ದಿ ಹಬ್ಬಿ, ಜನ ಹಳೇ ಯಂತ್ರಗಳಿಗೆ ಸಿಕ್ಕಾಪಟ್ಟೆ ಹಣ ಸುರಿದಿದ್ದರು. ಆ ಯಂತ್ರದಲ್ಲೂ ಇರಲಿಲ್ಲ, ಕ್ಯಾಮೆರಾದಲ್ಲೂ ಇಲ್ಲ. ಕೆಂಪು ಪಾದರಸ ಎಂದು ಮಾರುವ ಆ ವಸ್ತುವೇ ಇಲ್ಲ.

ಬೆಳ್ಳಿ ಇದೆಯಂತೆ ಎನ್ನುವವರೂ ಇದ್ದಾರೆ. ಬೆಳ್ಳಿ ಇರುವುದು ಫಿಲ್ಮಿನ ಲೇಪದಲ್ಲಿ. ಗುಜರಿಯವರು ಹಳೇ ಎಕ್ಸ್‌ರೇ ಫಿಲ್ಮ್ ಕೇಳಿಕೊಂಡು ಬರುವುದು ಅದಕ್ಕೇ. ಕ್ಯಾಮೆರಾದಲ್ಲಿ ಇರುವುದು ಮರ, ಹಿತ್ತಾಳೆ, ತೊಗಲು, ಗಾಜು.

ಆದರೆ ಈ ಮಾತಿನಲ್ಲಿ ಒಂದು ಎಳೆ ನಿಜವಿದೆ. 1940ರಿಂದ 1970ರ ದಶಕದವರೆಗೆ ಕೆಲವು ಲೆನ್ಸುಗಳ ಗಾಜಿಗೆ ಥೋರಿಯಂ ಆಕ್ಸೈಡ್ ಬೆರೆಸುತ್ತಿದ್ದರು. ಬೆಳಕನ್ನು ಚೆನ್ನಾಗಿ ಬಾಗಿಸುವ ಗಾಜು ಅದರಿಂದ ಸಿಗುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ವಿಮಾನದಿಂದ ಚಿತ್ರ ತೆಗೆಯಲು ಮಾಡಿದ ಕೊಡಕ್ ಏರೋ-ಎಕ್ಟಾರ್ ಇದಕ್ಕೆ ಹೆಸರುವಾಸಿ. ಥೋರಿಯಂ ವಿಕಿರಣಶೀಲ. ಕಾಲ ಕಳೆದಂತೆ ಆ ಗಾಜು ಚಹಾ ಬಣ್ಣಕ್ಕೆ ತಿರುಗುತ್ತದೆ. ಕ್ಯಾಮೆರಾಗೆ ಹಾಕಿ ಫೋಟೊ ತೆಗೆದರೆ ಭಯಪಡಬೇಕಾದಷ್ಟು ವಿಕಿರಣ ಇಲ್ಲ. ಅದನ್ನು ಉಜ್ಜಿ ಪುಡಿ ಮಾಡುವುದು, ಭೂತಗನ್ನಡಿಯಂತೆ ಕಣ್ಣಿಗೆ ಹಿಡಿದು ಕೂರುವುದು, ಮಂಚದ ಪಕ್ಕ ಇಟ್ಟುಕೊಳ್ಳುವುದು ಬೇಡ. ಥೋರಿಯಂ ಇದೆ ಎಂದು ಆ ಲೆನ್ಸಿಗೆ ಲಕ್ಷಗಟ್ಟಲೆ ಬೆಲೆಯೇನೂ ಬಂದಿಲ್ಲ.

ಕೊಳ್ಳುವುದಾದರೆ ಏನು ನೋಡಬೇಕು?

ಮೊದಲು ಸ್ಲೈಡ್. ಹೊಸದಾಗಿ ಕೊಳ್ಳುವವರು ಹೆಚ್ಚು ಎಡವುವುದು ಇಲ್ಲೇ. 4×5 ಇಂಚಿನ ಆಧುನಿಕ ಕ್ಯಾಮೆರಾಗಳಲ್ಲಿ ಹೋಲ್ಡರುಗಳಿಗೆ ಒಂದು ಸಾಮಾನ್ಯ ಅಳತೆ ಇದೆ, ಒಂದು ಕಂಪನಿಯದು ಇನ್ನೊಂದಕ್ಕೆ ಕೂರುತ್ತದೆ. ಹಳೆಯ ಮರದ ಹಾಫ್ ಪ್ಲೇಟ್ ಕ್ಯಾಮೆರಾದ್ದು ಹಾಗಲ್ಲ. ಒಂದೊಂದು ತಯಾರಕನದು ಒಂದೊಂದು ಗಾಡಿ. ಆ ಕ್ಯಾಮೆರಾ ಜೊತೆ ಬಂದ ಸ್ಲೈಡ್ ಮಾತ್ರ ಅದಕ್ಕೆ ಹಿಡಿಯುತ್ತದೆ. ಸ್ಲೈಡ್ ಇಲ್ಲದ ಹಾಫ್ ಪ್ಲೇಟ್ ಕ್ಯಾಮೆರಾ ಎಷ್ಟು ಅಗ್ಗಕ್ಕೆ ಸಿಕ್ಕರೂ ಷೋಕೇಸಿನ ಸಾಮಾನು. ಗಾಜಿನ ಪ್ಲೇಟಿಗೆಂದು ಮಾಡಿದ ಸ್ಲೈಡಿನಲ್ಲಿ ಫಿಲ್ಮ್ ಹಾಕಬೇಕಾದರೆ ನಡುವೆ ತಗಡಿನ ಚೌಕಟ್ಟು ಬೇರೆ ಬೇಕು. ಅದನ್ನೂ ಕೇಳಿ.

ಆಮೇಲೆ ಬೆಲ್ಲೋಸ್. ಹಳೆಯ ತೊಗಲು ಮಡಿಕೆಯ ಮೂಲೆಗಳಲ್ಲಿ ಸೂಜಿ ಮೊನೆಯಷ್ಟು ತೂತು ಬೀಳುತ್ತದೆ. ಒಂದು ತೂತು ಸಾಕು, ಫಿಲ್ಮ್ ಮೇಲೆ ಮಂಜು ಕವಿಯುತ್ತದೆ. ಕತ್ತಲೆ ಕೋಣೆಯಲ್ಲಿ ಬೆಲ್ಲೋಸ್ ಪೂರ್ತಿ ಹಿಗ್ಗಿಸಿ, ಒಳಗೆ ಮೊಬೈಲ್ ಟಾರ್ಚ್ ಹಚ್ಚಿ ತೆಗೆದ ಫೋಟೊ ಕಳಿಸಿ ಎಂದು ಮಾರುವವರನ್ನು ಕೇಳಿ. ನಕ್ಷತ್ರ ಕಂಡಂತೆ ಕಂಡರೆ ಬೆಲೆ ಇಳಿಸಿ ಕೇಳಿ. ನಾಲ್ಕೈದು ತೂತಾದರೆ ಕಪ್ಪು ಬಟ್ಟೆ, ಅಂಟು ಸಾಕು. ಮೂಲೆ ಮೂಲೆಯೂ ಬಿರಿದಿದ್ದರೆ ಹೊಸದೇ ಹಾಕಿಸಬೇಕು.

ಲೆನ್ಸಿನ ವಿಷಯಕ್ಕೆ ಬಂದರೆ ಮೊದಲ ಪ್ರಶ್ನೆ, ಅದು ನಿಮ್ಮ ಅಳತೆಯ ಫಿಲ್ಮನ್ನು ತುಂಬುತ್ತದೆಯೇ? ಲೆನ್ಸ್ ಹಿಂದೆ ಬೀಳುವ ಚಿತ್ರ ದುಂಡಗಿರುತ್ತದೆ. ಆ ದುಂಡಿನೊಳಗೆ ನಿಮ್ಮ ಆಯತ ಕೂರಬೇಕು. 4×5ರ ಮೂಲೆಯಿಂದ ಮೂಲೆಗೆ 163 ಮಿಲಿಮೀಟರ್, ಹಾಫ್ ಪ್ಲೇಟಿಗೆ ಸುಮಾರು 205. ಹಾಗಾಗಿ 4×5ಕ್ಕೆ 150 ಎಂಎಂ ಸಾಮಾನ್ಯ ಲೆನ್ಸಾದರೆ, ಹಾಫ್ ಪ್ಲೇಟಿಗೆ 210 ಎಂಎಂ ನೆಮ್ಮದಿ. ಶ್ನೈಡರ್ ಸಿಮ್ಮಾರ್, ರೋಡೆನ್‌ಸ್ಟಾಕ್ ಸಿರೋನಾರ್, ನಿಕ್ಕಾರ್, ಫುಜಿನಾನ್ ಹೆಸರುಗಳಲ್ಲಿ 210 ಧಾರಾಳವಾಗಿ ಹರಾಜಿಗೆ ಬರುತ್ತದೆ. ಸಿನಿಮಾ ಪ್ರೊಜೆಕ್ಟರಿನ ಲೆನ್ಸ್, ಎನ್‌ಲಾರ್ಜರಿನ ಪುಟ್ಟ ಲೆನ್ಸುಗಳನ್ನೂ ‘ಲಾರ್ಜ್ ಫಾರ್ಮ್ಯಾಟ್’ ಎಂದು ಹೆಸರಿಟ್ಟು ಮಾರುವವರಿದ್ದಾರೆ, ಹುಷಾರು.

ಗಾಜಿನ ಹಿಂದೆ ಟಾರ್ಚ್ ಹಿಡಿದ ಫೋಟೊ ಇಲ್ಲಿಯೂ ಬೇಕು. ಜೇಡರ ಬಲೆಯಂತೆ ಕಂಡರೆ ಫಂಗಸ್. ಹೊಗೆಯಂತೆ ಕಂಡರೆ ಮಬ್ಬು, ಬಿಚ್ಚಿ ಒರೆಸಿದರೆ ಹೋಗಲೂಬಹುದು. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣ ಕಂಡರೆ ಎರಡು ಗಾಜುಗಳ ನಡುವಿನ ಅಂಟು ಬಿಡುತ್ತಿದೆ. ಅದು ದುಬಾರಿ ರಿಪೇರಿ, ಬಿಡಿ. ಮುಂಭಾಗದ ಒಂದೆರಡು ಸಣ್ಣ ಗೀರಿಗೆ ಹೆದರಬೇಕಿಲ್ಲ. ಲೆನ್ಸನ್ನು ಹಲಗೆಗೆ ಬಿಗಿಯುವ ಬಳೆ ಜೊತೆಗಿದೆಯೇ ನೋಡಿ. ಅದಿಲ್ಲದೆ ಮಾರುತ್ತಾರೆ, ಆಮೇಲೆ ಅದೊಂದಕ್ಕೇ ತಿಂಗಳುಗಟ್ಟಲೆ ಹುಡುಕಬೇಕಾಗುತ್ತದೆ. ಹಲಗೆ ಬೇಕಾದರೆ ಊರಿನ ಬಡಗಿಯೇ ಮಾಡಿಕೊಡುತ್ತಾರೆ.

ಪೋಲರಾಯ್ಡ್ ಬ್ಯಾಕ್ ಎಂದು ಅಗ್ಗಕ್ಕೆ ಬಂದರೆ ಮುಟ್ಟಬೇಡಿ. ಪೋಲರಾಯ್ಡ್ ತನ್ನ ಇನ್‌ಸ್ಟಂಟ್ ಫಿಲ್ಮ್ ತಯಾರಿಕೆ ನಿಲ್ಲಿಸುವುದಾಗಿ 2008ರಲ್ಲಿ ಹೇಳಿತು. ಫುಜಿಯ ಎಫ್‌ಪಿ-100ಸಿ ಕೂಡ 2016ರಲ್ಲಿ ನಿಂತಿತು.

ಹರಾಜಿನ ಭಾಷೆ

‘ಅನ್‌ಟೆಸ್ಟೆಡ್’ ಎಂದಿದ್ದರೆ ಕೆಟ್ಟಿದೆ ಎಂದೇ ತಿಳಿದು ಬೆಲೆ ಕಟ್ಟಿ. ‘ಆ್ಯಸ್ ಈಸ್’ ಎಂದರೆ ಆಮೇಲೆ ದೂರಬೇಡಿ ಎಂದು. ಜಪಾನಿನ ಮಾರಾಟಗಾರರು ‘ಎಕ್ಸಲೆಂಟ್’ ಪಕ್ಕ ಸಾಲು ಸಾಲು ಪ್ಲಸ್ ಗುರುತು ಹಾಕುತ್ತಾರೆ. ಅದನ್ನು ನೋಡಿ ಮರುಳಾಗದೆ ಕೆಳಗಿನ ವಿವರ ಓದಿ. ಫಂಗಸ್ ಇದ್ದರೆ ಎಷ್ಟೋ ಸಲ ಅಲ್ಲೇ ಬರೆದಿರುತ್ತದೆ.

ಬಿಡ್ ಮಾಡುವಾಗ ನಿಮ್ಮ ಗರಿಷ್ಠ ಮೊತ್ತವನ್ನು ಒಮ್ಮೆ ಬರೆದರೆ ಸಾಕು. ನೀವು 20,000 ಬರೆದಿದ್ದೀರಿ, ಇನ್ನೊಬ್ಬರ ಗರಿಷ್ಠ 15,000 ಎಂದುಕೊಳ್ಳಿ. ತಾಣವೇ ನಿಮ್ಮ ಪರವಾಗಿ ಹೆಜ್ಜೆ ಹೆಜ್ಜೆಯಾಗಿ ಏರಿಸಿ 15,000ಕ್ಕಿಂತ ಸ್ವಲ್ಪ ಮೇಲೆ ನಿಲ್ಲುತ್ತದೆ. ಕೊನೆಯ ಹತ್ತು ಸೆಕೆಂಡಿನಲ್ಲಿ ಯಾರೋ ಬಂದು ಹೊಡೆದುಕೊಂಡು ಹೋದರು ಎಂದು ಗೊಣಗುವವರು ಸಾಮಾನ್ಯವಾಗಿ ತಮ್ಮ ನಿಜವಾದ ಗರಿಷ್ಠವನ್ನು ಬರೆಯದೆ ನೂರು ನೂರು ಏರಿಸುತ್ತ ಕೂತವರು. ನಿಮ್ಮ ಗರಿಷ್ಠವನ್ನು ರಾತ್ರಿ ಊಟವಾದ ಮೇಲೆ ಒಮ್ಮೆ ಯೋಚಿಸಿ, ಬರೆದು, ಫೋನ್ ಪಕ್ಕಕ್ಕಿಡಿ.

ಇಬೇಯ ಭಾರತದ ತಾಣ 2018ರ ಆಗಸ್ಟ್‌ನಲ್ಲಿ ಮುಚ್ಚಿತು. ಅಂತರರಾಷ್ಟ್ರೀಯ ತಾಣದಿಂದ ಕೊಳ್ಳಲು ಈಗಲೂ ಆಗುತ್ತದೆ. ಆದರೆ ಕಾರ್ಡಿನಲ್ಲಿ ವಿದೇಶಿ ವ್ಯವಹಾರವನ್ನು ಬ್ಯಾಂಕ್ ಆ್ಯಪಿನಲ್ಲಿ ನೀವೇ ಆನ್ ಮಾಡಬೇಕು. 2020ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮ ಹಾಗಿದೆ. ಕೆಲಸ ಮುಗಿದ ಮೇಲೆ ಆಫ್ ಮಾಡಿ.

ಬೆಲೆ ಲೆಕ್ಕ ಹಾಕುವಾಗ ಸುಂಕ ಮರೆಯಬೇಡಿ. ಸಾಮಾನಿನ ಬೆಲೆ, ಸಾಗಣೆ, ವಿಮೆ ಮೂರನ್ನೂ ಕೂಡಿಸಿ ಅದರ ಮೇಲೆ ಕಸ್ಟಮ್ಸ್ ಸುಂಕ, ಆ ಮೊತ್ತದ ಮೇಲೆ ಐಜಿಎಸ್‌ಟಿ, ಕೊನೆಗೆ ಕೊರಿಯರಿನವರ ಶುಲ್ಕ. ಮರದ ಕ್ಯಾಮೆರಾ ಭಾರದ ಸಾಮಾನು, ಸಾಗಣೆಯೇ ಕೆಲವೊಮ್ಮೆ ಬೆಲೆಗೆ ಸಮನಾಗುತ್ತದೆ. ‘ಗಿಫ್ಟ್ ಎಂದು ಬರೆಸಿದರೆ ಸುಂಕ ಇಲ್ಲ’ ಎಂಬ ಸಲಹೆ ಇನ್ನೂ ಓಡಾಡುತ್ತಿದೆ. ಅಂಚೆ, ಕೊರಿಯರ್‌ನಲ್ಲಿ ಬರುವ ಉಡುಗೊರೆಗಳಿಗಿದ್ದ ಆ ವಿನಾಯಿತಿ 2019ರ ಡಿಸೆಂಬರ್‌ನಲ್ಲೇ ಹೋಯಿತು. ಉಳಿದದ್ದು ರಾಖಿ ಮತ್ತು ಜೀವರಕ್ಷಕ ಔಷಧಿಗೆ ಮಾತ್ರ.

ಮೋಸ ಎಲ್ಲಿ ನಡೆಯುತ್ತದೆ?

ಕ್ಯಾಲನೂರಿನ ಓದುಗರಿಗೆ ಬಂದ ಲೆನ್ಸ್ ಚಿತ್ರವನ್ನು ನಾವು ಗೂಗಲ್ ಲೆನ್ಸ್‌ಗೆ ಹಾಕಿದೆವು. ಅದೇ ಚಿತ್ರ, ಅದೇ ಗೀರು, ಹೊರದೇಶದ ಹಳೆಯ ಹರಾಜಿನ ಪುಟವೊಂದರಲ್ಲಿ ಸಿಕ್ಕಿತು. ಸೈನಿಕನೆಂದು ಹೇಳಿ ಗುರುತಿನ ಚೀಟಿ ಕಳಿಸುವುದು ಬಹಳ ಹಳೆಯ ಆಟ. ಆ ಚೀಟಿ ಬೇರೆ ಯಾರದೋ ಕದ್ದದ್ದಾಗಿರುತ್ತದೆ. ಇಂಥವರನ್ನು ಪರೀಕ್ಷಿಸುವ ಸುಲಭ ದಾರಿ ಒಂದಿದೆ. ಒಂದು ಚೀಟಿಯಲ್ಲಿ ಇವತ್ತಿನ ತಾರೀಕು, ನಿಮ್ಮ ಊರ ಹೆಸರು ಬರೆದು, ಲೆನ್ಸ್ ಪಕ್ಕ ಇಟ್ಟು ಫೋಟೊ ಕಳಿಸಿ ಎನ್ನಿ. ನಮ್ಮ ಓದುಗರು ಹಾಗೆ ಕೇಳಿದರು. ಆತ ಮೊದಲು ಡ್ಯೂಟಿಯಲ್ಲಿದ್ದೇನೆ ಎಂದ, ಆಮೇಲೆ ಬೈದ, ಆಮೇಲೆ ನಂಬರ್ ಬ್ಲಾಕ್ ಮಾಡಿದ.

ನೀವು ಮಾರುವವರಾದರೂ ಇದೇ ಕಥೆ ತಿರುಗಿ ಬರುತ್ತದೆ. ‘ಹಣ ಹಾಕಿದ್ದೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ’ ಎನ್ನುತ್ತಾರೆ. ಯುಪಿಐ ಪಿನ್ ಒತ್ತುವುದು ಹಣ ಕೊಡುವಾಗ ಮಾತ್ರ. ಹಣ ಬರಲು ಪಿನ್ ಬೇಡ, ಸ್ಕ್ಯಾನೂ ಬೇಡ. ಹರಾಜು ತಾಣದಲ್ಲಿ ಗೆದ್ದ ಮೇಲೆ ‘ಹೊರಗೆ ಕೊಟ್ಟರೆ ಕಡಿಮೆ ಮಾಡುತ್ತೇನೆ’ ಎಂದರೆ ಒಪ್ಪಬೇಡಿ, ತಾಣದ ಮರುಪಾವತಿ ರಕ್ಷಣೆ ಅಲ್ಲಿಗೆ ಮುಗಿಯಿತು. ‘ನಿಮ್ಮ ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ಸಿಕ್ಕಿದೆ, ಈ ನಂಬರಿಗೆ ಹಣ ಹಾಕಿ’ ಎಂಬ ಕರೆ ಬಂದರೆ ಫೋನ್ ಇಡಿ. ಕಸ್ಟಮ್ಸ್ ಅಧಿಕಾರಿಗಳು ಯಾರದೋ ಖಾಸಗಿ ಖಾತೆಗೆ ಸುಂಕ ಕಟ್ಟಿಸಿಕೊಳ್ಳುವುದಿಲ್ಲ. ಇಲಾಖೆಯ ಪತ್ರದಲ್ಲಿ ಡಿಐಎನ್ ಎಂಬ ಸಂಖ್ಯೆ ಇರುತ್ತದೆ, ಅದನ್ನು ಇಲಾಖೆಯ ಜಾಲತಾಣದಲ್ಲಿ ನೀವೇ ಪರೀಕ್ಷಿಸಬಹುದು. ಹಣ ಹೋಗಿಯೇ ಬಿಟ್ಟರೆ ನಾಚಿಕೆಪಟ್ಟು ಕೂರದೆ ಕೂಡಲೇ 1930ಕ್ಕೆ ಕರೆ ಮಾಡಿ. ಹಣ ಇನ್ನೊಂದು ಖಾತೆಗೆ ಹಾರುವ ಮುಂಚೆ ತಡೆಹಿಡಿಯಲು ಸಾಧ್ಯವಾಗುವುದು ಮೊದಲ ಗಂಟೆಗಳಲ್ಲೇ.

ವಿದೇಶಕ್ಕೆ ಮಾರುತ್ತೇವೆ ಎನ್ನುವವರಿಗೆ ಒಂದು ಕಾನೂನಿನ ಮಾತು. ನೂರು ವರ್ಷ ದಾಟಿದ, ಚಾರಿತ್ರಿಕ ಮಹತ್ವದ ವಸ್ತುಗಳು 1972ರ ಪುರಾವಸ್ತು ಕಾಯ್ದೆಯಡಿ ಬರುತ್ತವೆ. ಅವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಅನುಮಾನವಿದ್ದರೆ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯಿಂದ ಇದು ಪುರಾವಸ್ತು ಅಲ್ಲ ಎಂಬ ಪ್ರಮಾಣಪತ್ರ ಪಡೆಯಬೇಕು.

ಅಜ್ಜಿಯ ಫೋಟೊ

18,000 ಖರ್ಚು ಮಾಡುವ ಅಗತ್ಯವೇ ಇರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು. ಹಾಫ್ ಪ್ಲೇಟ್ ಫಿಲ್ಮ್ ಅಂಗಡಿಯಲ್ಲಿ ಸಿಗುವುದಿಲ್ಲ. ಇಂಗ್ಲೆಂಡಿನ ಇಲ್ಫರ್ಡ್ ಕಂಪನಿ ಇಂಥ ಹಳೆಯ ಅಳತೆಗಳನ್ನು ವರ್ಷಕ್ಕೊಮ್ಮೆ ಆರ್ಡರ್ ಪಡೆದು ಕತ್ತರಿಸಿ ಕೊಡುತ್ತದೆ, ಬೆಲೆ ಮಾತ್ರ ಜೋರು. ಅದರ ಬದಲು ಕಪ್ಪು ಬಿಳುಪು ಪ್ರಿಂಟ್ ಹಾಕುವ ಪೇಪರನ್ನೇ ಕೆಂಪು ದೀಪದಲ್ಲಿ ಕತ್ತರಿಸಿ ಸ್ಲೈಡಿಗೆ ಹಾಕಬಹುದು. ಆ ಪೇಪರಿನ ವೇಗ ಐಎಸ್‌ಒ 6ರ ಆಸುಪಾಸು, ಎಂದರೆ ಬಹಳ ನಿಧಾನ. ಜಗಲಿಯ ನೆರಳಿನಲ್ಲಿ ಎಫ್ 16ಕ್ಕೆ ಒಂದೆರಡು ಸೆಕೆಂಡು ಬೇಕು. ಅಷ್ಟು ಹೊತ್ತಿಗೆ ಶಟರ್ ಯಾಕೆ? ಮುಚ್ಚಳ ತೆಗೆದು, ‘ಒಂದು, ಎರಡು’ ಎಣಿಸಿ, ಹಾಕಿದರೆ ಆಯಿತು. ಶಟರ್ ಇಲ್ಲದ ಬರೀ ಹಿತ್ತಾಳೆ ಕೊಳವೆಯ ಲೆನ್ಸುಗಳು ಹರಾಜಿನಲ್ಲಿ ಶಟರ್ ಇರುವವಕ್ಕಿಂತ ಸಾಮಾನ್ಯವಾಗಿ ಅಗ್ಗ. ನಮ್ಮ ಓದುಗರು ಈಗ ಅಂಥದೊಂದರ ಮೇಲೆ ಕಣ್ಣಿಟ್ಟಿದ್ದಾರೆ, ಬಳೆ ಸಮೇತ ಇರುವುದು.

ಬೆಲ್ಲೋಸ್‌ಗೆ ಟಾರ್ಚ್ ಹಚ್ಚಿ ನೋಡಿದಾಗ ಏಳು ತೂತು ಸಿಕ್ಕವಂತೆ, ಮುಚ್ಚಿದ್ದಾರೆ. ಸ್ಲೈಡುಗಳ ಚಿಂತೆಯಿತ್ತು. ತಾತ ಕೆಲಸ ಮಾಡಿದ ಸ್ಟುಡಿಯೋದ ಮನೆಯವರನ್ನು ವಿಚಾರಿಸಿದರೆ ಎರಡು ಅಲ್ಲೇ ಇದ್ದವು, ಜೊತೆಗೆ ಒಂದು ಪೆಟ್ಟಿಗೆ ಗಾಜಿನ ನೆಗೆಟಿವ್‌ಗಳು. ಆ ನೆಗೆಟಿವ್‌ಗಳನ್ನು ನೀರಿನಲ್ಲಿ ತೊಳೆಯಬೇಡಿ, ಒಂದರ ಮೇಲೊಂದು ಮಲಗಿಸಬೇಡಿ, ಪೇಪರ್ ಸುತ್ತಿ ನಿಲ್ಲಿಸಿಡಿ ಎಂದು ಬರೆದಿದ್ದೇವೆ. ಬಿಳಿ ಪರದೆ ತೆರೆದ ಲ್ಯಾಪ್‌ಟಾಪ್ ಮುಂದೆ ಸ್ವಲ್ಪ ದೂರ ಹಿಡಿದು ಮೊಬೈಲಿನಲ್ಲಿ ತೆಗೆದು, ಬಣ್ಣ ತಿರುವಿದರೆ ಯಾರ ಮುಖ ಎಂದು ಕಾಣುತ್ತದೆ.

ಇನ್ನೊಂದು ಮಾತೂ ಹೇಳಿದ್ದೇವೆ. ಪ್ರಿಂಟ್ ಪೇಪರಿಗೆ ಕೆಂಪು ಬಣ್ಣ ಕಾಣುವುದಿಲ್ಲ. ಫೋಟೊದಲ್ಲಿ ಅಜ್ಜಿಯ ಕುಂಕುಮ ಕಪ್ಪಗೆ ಬರುತ್ತದೆ, ಕೆಂಪು ಸೀರೆಯೂ ಅಷ್ಟೆ. ಆ ದಿನ ತಿಳಿ ನೀಲಿ ಉಡಲಿ. ಕೂರಲು ಬೆನ್ನು ಆನಿಸುವ ಕುರ್ಚಿ ಕೊಡಿ, ಎರಡು ಸೆಕೆಂಡು ಅಲುಗಬಾರದಲ್ಲ.